ಹಗಲಿನ ನಿಷೇಧ, ರಾತ್ರಿಯ ಲಾರಿ: ದೂರು ಯಾವ ಕಲಂ ಹಿಡಿದು, ಯಾರಿಗೆ?

ಪ್ರಶ್ನೆ: ನಮ್ಮ ಮನೆ ಲಗ್ಗೆರೆಯಲ್ಲಿ, ಹೊರವರ್ತುಲ ರಸ್ತೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಗೆ ಹೋಗುವ ನಲವತ್ತು ಅಡಿ ಒಳರಸ್ತೆಯಲ್ಲಿದೆ. ರಾತ್ರಿ ಹತ್ತೂವರೆ ಆಯಿತೆಂದರೆ ಲಾರಿ, ಟಿಪ್ಪರ್, ಕಾಂಕ್ರೀಟ್ ಗಾಡಿಗಳ ಸಾಲು ಶುರು. ಮನೆ ಮುಂದಿನ ಹಂಪ್ ಹತ್ತಿ ಇಳಿಯುವಾಗ ಕಿಟಕಿಯ ಗಾಜು ನಡುಗುತ್ತದೆ, ಹಾರ್ನ್ ಬೇರೆ. ತಂದೆಯವರಿಗೆ ಹೃದಯದ ಕಾಯಿಲೆ, ಸರಿಯಾಗಿ ನಿದ್ದೆಯೇ ಇಲ್ಲ. ಠಾಣೆಗೆ ಹೋದರೆ ‘ರಾತ್ರಿ ಲಾರಿಗೆ ನಿಷೇಧ ಇಲ್ಲ, ನಾವೇನು ಮಾಡೋಕಾಗುತ್ತೆ’ ಅಂದರು. ಇನ್ನೊಂದು ಕಚೇರಿಗೆ ಬರೆದರೆ ಪೊಲೀಸರನ್ನೇ ಕೇಳಿ ಎಂದು ಹಿಂಬರಹ ಬಂತು. ನಿಜಕ್ಕೂ ಇದಕ್ಕೆ ಯಾವ ಕಾನೂನೂ ಇಲ್ಲವೇ?

ಉತ್ತರ: ಕಾನೂನು ಇದೆ. ಠಾಣೆಯಲ್ಲಿ ನಿಮಗೆ ಸಿಕ್ಕ ಉತ್ತರ ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ. ಲಾರಿ ಎಷ್ಟು ಹೊತ್ತಿಗೆ ಊರೊಳಗೆ ಬರಬಹುದು ಎಂಬುದನ್ನಷ್ಟೇ ಅವರು ಹೇಳಿದರು. ಯಾವ ರಸ್ತೆಯಲ್ಲಿ ಬರಬಹುದು, ಎಷ್ಟು ಸದ್ದು ಮಾಡುತ್ತಾ ಬರಬಹುದು ಎಂಬ ಎರಡು ಪ್ರಶ್ನೆ ಉಳಿದೇ ಇವೆ. ಅವಕ್ಕೆ ಬೇರೆ ಬೇರೆ ನಿಯಮಗಳಿವೆ, ಕೇಳಬೇಕಾದ ಬಾಗಿಲೂ ಬೇರೆ ಬೇರೆ. ‘ರಾತ್ರಿ ಲಾರಿ ನಿಲ್ಲಿಸಿ’ ಎಂದು ಕೇಳುವವರೆಗೂ ನಿಮಗೆ ಇದೇ ಉತ್ತರ ಸಿಗುತ್ತಿರುತ್ತದೆ. ‘ನಮ್ಮ ರಸ್ತೆಯನ್ನು ಭಾರಿ ವಾಹನಗಳ ಮಾರ್ಗದಿಂದ ತೆಗೆಯಿರಿ’ ಎಂದು ಬರೆದುಕೊಡಿ. ಆಗ ಅವರು ಇನ್ನೊಂದು ಕಡತ ತೆರೆಯಲೇಬೇಕಾಗುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಭಾರಿ ವಾಹನಗಳ ನಿಯಂತ್ರಣ ಬೆಳೆದು ಬಂದಿರುವುದೇ ಗಂಟೆಯ ಲೆಕ್ಕದಲ್ಲಿ. ಬೆಳಗಿನ, ಸಂಜೆಯ ದಟ್ಟಣೆಯಲ್ಲಿ ಭಾರಿ ಸರಕು ವಾಹನ ಊರೊಳಗೆ ಬರಬಾರದು. ಗಂಟೆಗಳು ಆದೇಶದಿಂದ ಆದೇಶಕ್ಕೆ, ರಸ್ತೆಯಿಂದ ರಸ್ತೆಗೆ ಬದಲಾಗುತ್ತಾ ಬಂದಿವೆ, ಆದ್ದರಿಂದ ನಿಮ್ಮ ಭಾಗಕ್ಕೆ ಈಗ ಜಾರಿಯಲ್ಲಿರುವ ಆದೇಶದ ಪ್ರತಿಯನ್ನೇ ಕೇಳಿ ಪಡೆಯಿರಿ. ಈ ನಿಯಮ ಹುಟ್ಟಿದ್ದು ಹಗಲು ಓಡಾಡುವವರ ಅನುಕೂಲಕ್ಕೆ. ಅದರಲ್ಲಿ ತಪ್ಪಿಲ್ಲ. ಆದರೆ ಊರಿಗೆ ಬೇಕಾದ ಜಲ್ಲಿ, ಎಂ ಸ್ಯಾಂಡ್, ಸಿಮೆಂಟು, ಕಬ್ಬಿಣ, ಯಶವಂತಪುರದ ಎಪಿಎಂಸಿಗೆ ಬರುವ ದವಸ, ವೈಟ್‌ಫೀಲ್ಡ್ ಕಂಟೇನರ್ ಡಿಪೊಗೆ ಹೋಗುವ ಪೆಟ್ಟಿಗೆಗಳು ಹಗಲು ತಡೆದರೆ ಮಾಯವಾಗುವುದಿಲ್ಲ. ನೆಲಮಂಗಲ, ಹೊಸಕೋಟೆ, ಅತ್ತಿಬೆಲೆ ಕಡೆ ರಸ್ತೆ ಬದಿಯಲ್ಲಿ ಕಾಯುತ್ತಾ ನಿಂತಿರುತ್ತವೆ. ಗಂಟೆ ಬಿಟ್ಟ ಕೂಡಲೇ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ನಿಮ್ಮ ಮನೆ ಮುಂದೆ ಹತ್ತೂವರೆಗೆ ಸಾಲು ಹಿಡಿಯುವುದು ಇದೇ. ಹಗಲಿನ ರಸ್ತೆಗೆ ಸಿಕ್ಕ ಬಿಡುವಿನ ಬೆಲೆಯನ್ನು ರಾತ್ರಿ ಮಲಗುವವರು ತೆರುತ್ತಿದ್ದಾರೆ. ಈ ಮಾತನ್ನು ನಿಮ್ಮ ಮನವಿಯಲ್ಲಿ ಹೀಗೇ ಬರೆಯಿರಿ, ಏಕೆಂದರೆ ನಿಷೇಧದ ಆದೇಶಗಳನ್ನು ರೂಪಿಸುವಾಗ ಈ ಕಡೆಯ ಲೆಕ್ಕವನ್ನು ಯಾರೂ ಹಾಕಿರುವುದಿಲ್ಲ.

ಲಾರಿಗೆ ಬೇರೆ ದಾರಿ ಎಲ್ಲಿದೆ ಎಂದು ಅಧಿಕಾರಿ ಕೇಳಿಯೇ ಕೇಳುತ್ತಾರೆ. ಅದಕ್ಕೆ ತಯಾರಾಗಿರಿ. ಸುಮಾರು 60 ಕಿಲೋಮೀಟರಿನ ಹೊರವರ್ತುಲ ರಸ್ತೆಯನ್ನು ಮಾಡಿದ್ದೇ ಲಾರಿಗಳು ಊರ ಹೊರಗಿನಿಂದ ಸುತ್ತಿಕೊಂಡು ಹೋಗಲಿ ಎಂದು. ಊರು ಅದನ್ನು ನುಂಗಿಬಿಟ್ಟಿತು. ಅದರಾಚೆ ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಪಶ್ಚಿಮ ಮತ್ತು ದಕ್ಷಿಣದಲ್ಲಿ ನೈಸ್ ರಸ್ತೆ ಇದೆ, ಆದರೆ ಸುಂಕ ಕಟ್ಟಬೇಕು. ಸುಂಕ ಉಳಿಸುವ ಲಾರಿ ಹೊರವರ್ತುಲ ರಸ್ತೆಗೇ ಬರುತ್ತದೆ. ಊರಿನ ಉಳಿದ ಅರ್ಧವನ್ನು ಸುತ್ತಬೇಕಾಗಿದ್ದ ಪೆರಿಫೆರಲ್ ರಿಂಗ್ ರಸ್ತೆ ಎರಡು ದಶಕ ಕಳೆದರೂ ರಸ್ತೆಯಾಗಿಲ್ಲ, ಹೆಸರು ಮಾತ್ರ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಬದಲಾಗಿದೆ. ಇನ್ನೂ ಹೊರಗೆ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಭಾಗ ಸಂಚಾರಕ್ಕೆ ತೆರೆದಿದೆ. ಪುಣೆ ಕಡೆಯಿಂದ ಚೆನ್ನೈ ಕಡೆಗೆ ಹೋಗುವ ಲಾರಿ ಈಗ ಬೆಂಗಳೂರಿಗೆ ಕಾಲಿಡದೆ ಹೋಗಬಹುದು.

ಇಷ್ಟಾದರೂ ನಿಮ್ಮ ರಸ್ತೆಗೆ ಬರುವ ಬಹುಪಾಲು ಲಾರಿ ಊರು ದಾಟಿ ಹೋಗುವವಲ್ಲ, ಇಲ್ಲೇ ಪೀಣ್ಯದಲ್ಲಿ ಲೋಡು ಇಳಿಸುವವು, ತುಂಬಿಕೊಳ್ಳುವವು ಎಂಬುದು ನನ್ನ ಅಂದಾಜು. ಅವಕ್ಕೆ ಸರಿಯಾದ ದಾರಿ ಹೊರವರ್ತುಲ ರಸ್ತೆಯಲ್ಲೇ ಮುಂದುವರಿದು, ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಗೆ ತಿರುಗಿ, ಅಲ್ಲಿಂದ ಕೈಗಾರಿಕಾ ಪ್ರದೇಶದ ಅಗಲ ರಸ್ತೆಗಳಿಗೆ ಇಳಿಯುವುದು. ಗೊರಗುಂಟೆಪಾಳ್ಯದ ಸಿಗ್ನಲ್ ತಪ್ಪಿಸಿಕೊಳ್ಳಲು ಲಗ್ಗೆರೆಯ ಒಳಗೆ ನುಗ್ಗುತ್ತವೆ. ಅಂದರೆ ಬದಲಿ ದಾರಿಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ, ಅದು ಇದೆ. ನಿಮ್ಮ ಕೈಯಲ್ಲಿರುವ ಅತಿ ಬಲವಾದ ವಾದ ಇದು.

ಇನ್ನು ಕಲಂ. ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಓದಿ ಇಟ್ಟುಕೊಳ್ಳಿ. ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ವರೂಪ ನೋಡಿ, ಒಂದು ನಿರ್ದಿಷ್ಟ ರಸ್ತೆಯಲ್ಲಿ ಅಥವಾ ಪ್ರದೇಶದಲ್ಲಿ ಇಂಥ ವರ್ಗದ ವಾಹನ ಓಡಾಡಬಾರದು ಎಂದು ನಿಷೇಧಿಸುವ, ಮಿತಿ ಹಾಕುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ಮತ್ತು ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಕೊಡುತ್ತದೆ. ಕಲಂ 116 ಅದಕ್ಕೆ ಬೇಕಾದ ಫಲಕ ಹಾಕುವ ಅಧಿಕಾರ. ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221ಎ(5)ನ್ನು ಇವೆರಡರ ಜೊತೆ ಸೇರಿಸಿ ನಮ್ಮ ಪೊಲೀಸ್ ಆಯುಕ್ತರು, ಜಿಲ್ಲಾಧಿಕಾರಿಗಳು ಅಧಿಸೂಚನೆ ಹೊರಡಿಸುತ್ತಾರೆ. ಏಕಮುಖ ಸಂಚಾರ, ಪಾರ್ಕಿಂಗ್ ನಿಷೇಧ, ಭಾರಿ ವಾಹನ ನಿಷೇಧ, ಎಲ್ಲಕ್ಕೂ ಇದೇ ತಳಹದಿ. ಹಗಲು ಮಾತ್ರ ನಿಷೇಧಿಸಬಹುದು, ರಾತ್ರಿ ಆಗದು ಎಂದು ಈ ಕಲಮಿನಲ್ಲಿ ಎಲ್ಲೂ ಇಲ್ಲ.

ಒಂದೇ ರಸ್ತೆಗೆ ಹಗಲು ರಾತ್ರಿ ನಿಷೇಧ ಸಾಧ್ಯವೇ ಎಂಬ ಅನುಮಾನವಿದ್ದರೆ ನಿಮ್ಮ ಪಕ್ಕದ ಪೀಣ್ಯ ಮೇಲ್ಸೇತುವೆಯನ್ನೇ ನೆನಪಿಸಿಕೊಳ್ಳಿ. ಕೇಬಲ್‌ಗಳಲ್ಲಿ ದೋಷ ಕಂಡದ್ದರಿಂದ 2021ರ ಡಿಸೆಂಬರ್ ಕೊನೆಯಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ತೆರೆದರು. ಭಾರಿ ವಾಹನಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಯಲ್ಲಿ. ಎರಡೂವರೆ ವರ್ಷ ದೇಶದ ದೊಡ್ಡ ಹೆದ್ದಾರಿಯೊಂದರ ಸೇತುವೆಗೆ ಒಂದು ಲಾರಿಯೂ ಹತ್ತದಂತೆ ನೋಡಿಕೊಳ್ಳಲು ಸಾಧ್ಯವಾಯಿತು. ಅಷ್ಟೂ ಕಾಲ ಆ ಭಾರವನ್ನೆಲ್ಲ ಹೊತ್ತಿದ್ದು ಕೆಳಗಿನ ಸರ್ವಿಸ್ ರಸ್ತೆ ಮತ್ತು ಅಕ್ಕಪಕ್ಕದ ಒಳರಸ್ತೆಗಳು. ಆಗ ಕಲಿತ ಒಳದಾರಿಯನ್ನು ಚಾಲಕ ಸೇತುವೆ ತೆರೆದ ಮಾತ್ರಕ್ಕೆ ಬಿಡುವುದಿಲ್ಲ. ನಿಮ್ಮ ರಸ್ತೆಗೆ ಲಾರಿ ಹೆಚ್ಚಾಗಿದ್ದು ಆ ಅವಧಿಯಲ್ಲೇ ಎಂದು ನೆರೆಹೊರೆಯವರಿಗೆ ನೆನಪಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಆಗಿನ ತುರ್ತು ಈಗ ಮುಗಿದಿದೆ.

ಕಲಂ 115ರ ನಿಷೇಧ ಮೀರಿದರೆ ಶಿಕ್ಷೆ ಕಲಂ 194(1)ರಲ್ಲಿ ಬರುತ್ತದೆ. ಹೆಚ್ಚು ಭಾರ ಹೇರಿದ ಲಾರಿಗೆ ಹಾಕುವ ಅದೇ ಕಲಂ. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ. ಸ್ಥಳದಲ್ಲೇ ವಸೂಲು ಮಾಡುವ ರಾಜಿ ದಂಡವನ್ನು ಕಲಂ 200ರ ಪ್ರಕಾರ ರಾಜ್ಯ ಸರ್ಕಾರ ನಿಗದಿ ಮಾಡುವುದರಿಂದ ರಸೀದಿಯಲ್ಲಿ ಬೇರೆ ಮೊತ್ತ ಕಾಣಬಹುದು. ಅಧಿಸೂಚನೆಯೂ ಫಲಕವೂ ಇಲ್ಲದೆ ಯಾವ ಪೊಲೀಸರೂ ಈ ದಂಡ ಹಾಕಲಾರರು. ಠಾಣೆಯವರು ಕೈಚೆಲ್ಲಿದ್ದಕ್ಕೆ ನಿಜವಾದ ಕಾರಣ ಅದೇ. ನಿಮ್ಮ ಕೋಪವನ್ನು ಅವರ ಮೇಲೆ ಖರ್ಚು ಮಾಡಬೇಡಿ. ಅವರ ಕೈಗೆ ಆ ಕಾಗದ ಬರುವಂತೆ ಮಾಡಿ.

ಈಗ ಶಬ್ದದ ವಿಷಯ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು 2000ರಿಂದ ಜಾರಿಯಲ್ಲಿವೆ. ವಸತಿ ಪ್ರದೇಶಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55, ಕೈಗಾರಿಕೆಗೆ 75 ಮತ್ತು 70. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು, ಅಲ್ಲಿ 50 ಮತ್ತು 40. ಬಹಳ ಜನ ಫೋನಿನ ಆ್ಯಪ್ ಹಿಡಿದು ‘ನೋಡಿ ಸರ್, 82 ತೋರಿಸುತ್ತಿದೆ, ಮಿತಿ 45’ ಎಂದು ದೂರು ಕೊಡುತ್ತಾರೆ. ಅದು ನಿಲ್ಲುವುದಿಲ್ಲ. 45 ಎಂಬುದು ಒಂದು ಕ್ಷಣದ ಅಳತೆಯಲ್ಲ, ಇಡೀ ಅವಧಿಯ ಶಕ್ತಿಯ ಸರಾಸರಿ. ಲಾರಿ ಹಾದುಹೋಗುವ ಒಂದು ಗಳಿಗೆಯ ಅಂಕಿಯನ್ನು ಅದರ ಪಕ್ಕ ಇಡುವಂತಿಲ್ಲ. ಜೊತೆಗೆ ಅಳತೆಯ ಆಧಾರದ ಮೇಲೆ ದೂರು ಕೊಡಲು ಮಿತಿಗಿಂತ ಕನಿಷ್ಠ 10 ಡೆಸಿಬಲ್ ಮೀರಿರಬೇಕು ಎಂದು ನಿಯಮ 7 ಹೇಳುತ್ತದೆ. ಆ ಅಳತೆಯನ್ನು ಸರಿಹೊಂದಿಸಿದ ಮಾಪಕದಲ್ಲಿ ಮಾಡಿರಬೇಕು.

ಅದೇ ನಿಯಮ 7ರಲ್ಲಿ ಇನ್ನೊಂದು ಬಾಗಿಲಿದೆ, ಜನರಿಗೆ ಅದು ಗೊತ್ತಿಲ್ಲ. ರಾತ್ರಿ ಹೊತ್ತಿಗೆ ಹಾಕಿದ ನಿರ್ಬಂಧಗಳ ಉಲ್ಲಂಘನೆಯಾದರೆ ಡೆಸಿಬಲ್ ಲೆಕ್ಕವೇ ಬೇಡ, ನೇರ ದೂರು ಕೊಡಬಹುದು. ಏನು ಆ ನಿರ್ಬಂಧಗಳು? ನಿಯಮ 5ಎ ನೋಡಿ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸಾರ್ವಜನಿಕ ತುರ್ತಿನ ಹೊರತು ಹಾರ್ನ್ ಹೊಡೆಯುವಂತಿಲ್ಲ. ಸದ್ದು ಮಾಡುವ ಕಟ್ಟಡ ಕಾಮಗಾರಿ ಯಂತ್ರಗಳನ್ನು ಓಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಇದೇ ಹಾರ್ನ್ ಮಾತನ್ನು ಹೇಳಿದೆ. ಹಾಗಾಗಿ ನಿಮ್ಮ ದೂರಿನಲ್ಲಿ ‘ಶಬ್ದ ಜಾಸ್ತಿ’ ಎಂದು ಬರೆಯಬೇಡಿ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ನಂಬರಿನ ಲಾರಿ ನಮ್ಮ ಮನೆ ಮುಂದೆ ಹಾರ್ನ್ ಹೊಡೆಯಿತು ಎಂದು ಬರೆಯಿರಿ, ವಿಡಿಯೊ ಜೊತೆಗಿರಲಿ. ಕಾಂಕ್ರೀಟ್ ಗಾಡಿ ನಿಮ್ಮ ಬೀದಿಯಲ್ಲೇ ಕಟ್ಟುತ್ತಿರುವ ಮನೆಗೆ ಬಂದು ಹತ್ತರ ನಂತರ ಪಂಪು, ವೈಬ್ರೇಟರ್ ಓಡಿಸುತ್ತಿದ್ದರೆ ಅದು ಬೇರೆಯೇ ಉಲ್ಲಂಘನೆ, ಕಟ್ಟಡದ ಮಾಲೀಕರ ಮೇಲೆ ಪ್ರತ್ಯೇಕ ದೂರು ಕೊಡಿ. ಈ ನಿಯಮಗಳ ಪ್ರಕಾರ ದೂರು ಕೇಳುವ ಪ್ರಾಧಿಕಾರ ಪೊಲೀಸ್ ಆಯುಕ್ತರಾಗಬಹುದು, ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನಿಯೋಜಿತ ಅಧಿಕಾರಿಯಾಗಬಹುದು. ಬೆಂಗಳೂರಿನಲ್ಲಿ ಆ ದರ್ಜೆ ಎಂದರೆ ಎಸಿಪಿ, ಅಂದರೆ ಸಹಾಯಕ ಪೊಲೀಸ್ ಆಯುಕ್ತರು. ಠಾಣೆಯ ಕೌಂಟರಿನಲ್ಲಿ ನಿಂತು ಹೇಳುವುದಕ್ಕಿಂತ ಎಸಿಪಿಯವರ ಹೆಸರಿಗೇ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಾರ್ನ್ ಹೊಡೆಯುತ್ತಿರುವ ಹೊತ್ತಿಗೇ ಹೇಳಬೇಕಿದ್ದರೆ 112.

ಹಾರ್ನ್ ಮತ್ತು ಸೈಲೆನ್ಸರ್ ಬಗ್ಗೆ ಮೋಟಾರು ವಾಹನ ಕಾಯ್ದೆಯೂ ಸುಮ್ಮನಿಲ್ಲ. ಕಲಂ 194ಎಫ್ ಪ್ರಕಾರ ಬೇಡದ ಕಡೆ ಅಥವಾ ಎಡೆಬಿಡದೆ ಹಾರ್ನ್ ಹೊಡೆದರೆ, ಹಾರ್ನ್ ನಿಷೇಧದ ಫಲಕವಿರುವಲ್ಲಿ ಹೊಡೆದರೆ, ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವ ಕಟ್‌ಔಟ್ ಬಳಸಿದರೆ ಮೊದಲ ಸಲ 1,000, ಮತ್ತೆ ಮಾಡಿದರೆ 2,000 ರೂಪಾಯಿ. ಕೇಂದ್ರ ಮೋಟಾರು ವಾಹನ ನಿಯಮ 119 ಬೇರೆ ಬೇರೆ ರಾಗದಲ್ಲಿ ಕೂಗುವ ಹಾರ್ನ್, ಕಿವಿ ಚುಚ್ಚುವ ಕರ್ಕಶ ಹಾರ್ನ್ ಎರಡನ್ನೂ ಗಾಡಿಗೆ ಅಳವಡಿಸುವುದನ್ನೇ ನಿಷೇಧಿಸುತ್ತದೆ. ಬ್ರೇಕಿನ ಗಾಳಿ ಟ್ಯಾಂಕಿನಿಂದ ಪೈಪು ಎಳೆದು ಹಾಕುವ ಏರ್ ಹಾರ್ನ್ ಈ ಸಾಲಿಗೇ ಸೇರುತ್ತದೆ. ಶಬ್ದ ನಿಯಂತ್ರಣದ ಮಾನದಂಡ ಮೀರಿದ ಗಾಡಿ ಓಡಿಸಿದರೆ ಕಲಂ 190(2): 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಜೊತೆಗೆ ಲೈಸೆನ್ಸ್ ಅನರ್ಹತೆ. ಈ ಕಲಮಿನಲ್ಲಿ ಕೇಸು ಅಪರೂಪ, ಆದರೆ ಪದೇ ಪದೇ ಬರುವ ಅದೇ ಹತ್ತಾರು ಗಾಡಿಗಳ ನಂಬರ್ ಕೊಟ್ಟು ಆರ್‌ಟಿಒಗೆ ಬರೆದರೆ ಕೆಲಸವಾಗುತ್ತದೆ. ಸರಕು ವಾಹನ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಬರಲೇಬೇಕು, ಹಾರ್ನ್ ಮತ್ತು ಸೈಲೆನ್ಸರ್ ತಪಾಸಣೆ ಅಲ್ಲಿ ಆಗಬೇಕು. ಹೊಗೆ ತಪಾಸಣೆ ಕೇಂದ್ರದ ಸರ್ಟಿಫಿಕೇಟಿಗೂ ಶಬ್ದಕ್ಕೂ ಸಂಬಂಧವಿಲ್ಲ, ಅಲ್ಲಿ ನೋಡುವುದು ಹೊಗೆಯನ್ನು ಮಾತ್ರ.

ಆದರೆ ಎಲ್ಲ ಲಾರಿಯೂ ನಿಯಮ ಪಾಲಿಸಿದರೆ ನಿಮ್ಮ ತಂದೆ ಮಲಗಬಲ್ಲರೇ? ಇಲ್ಲ. ಇದನ್ನು ಅಂಕಿಯಲ್ಲೇ ತೋರಿಸುತ್ತೇನೆ, ಏಕೆಂದರೆ ಮಾರ್ಗ ಬದಲಾವಣೆಯೇ ಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇಲ್ಲಿದೆ. ಕಾರ್ಖಾನೆಯಿಂದ ಹೊರಬರುವ ಹೊಸ ಕಾರಿಗೆ ಏಳೂವರೆ ಮೀಟರ್ ದೂರದಲ್ಲಿ 74 ಡೆಸಿಬಲ್ ಮಿತಿ. 150 ಕಿಲೋವ್ಯಾಟ್‌ಗಿಂತ ಶಕ್ತಿಶಾಲಿ ಎಂಜಿನ್ನಿನ ಭಾರಿ ಸರಕು ವಾಹನಕ್ಕೆ 80. ವೇಗ ಹೆಚ್ಚಿಸುತ್ತಾ ಹೋಗುವಾಗ ಮಾಡುವ ಅಳತೆ ಅದು, ಹಂಪ್ ದಾಟಿ ಮತ್ತೆ ಎಳೆಯುವ ಲಾರಿ ಮಾಡುವುದೂ ಅದನ್ನೇ. ನಲವತ್ತು ಅಡಿ ರಸ್ತೆಯಲ್ಲಿ ನಿಮ್ಮ ಕಿಟಕಿ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ. ಒಂದು ಲಾರಿ ಐದು ಸೆಕೆಂಡು 80 ಡೆಸಿಬಲ್ ಎಂದು ಇಟ್ಟುಕೊಳ್ಳೋಣ. ಗಂಟೆಗೆ 30 ಲಾರಿ ಹೋದರೆ ಆ ಗಂಟೆಯ ಸರಾಸರಿ ಸುಮಾರು 66. ಅರ್ಧಕ್ಕೆ ಇಳಿಸಿ 15 ಮಾಡಿ: 63. ಶಬ್ದದ ಅಳತೆ ಲಾಗರಿದಮಿಕ್ ಆದ್ದರಿಂದ ಲಾರಿ ಅರ್ಧವಾದರೂ ಇಳಿಯುವುದು ಮೂರೇ ಡೆಸಿಬಲ್, ಕಿವಿಗೆ ಅದು ಗೊತ್ತಾದರೂ ಗೊತ್ತಾಯಿತು, ಇಲ್ಲದಿದ್ದರೂ ಇಲ್ಲ. ಸದ್ದು ಅರ್ಧವಾಯಿತು ಎಂದು ಮನುಷ್ಯನಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಅದಕ್ಕೆ ಲಾರಿಗಳು ಹತ್ತನೇ ಒಂದು ಭಾಗವಾಗಬೇಕು. ಹಾಗಾಗಿ ‘ಸ್ವಲ್ಪ ಕಡಿಮೆ ಮಾಡಿಸೋಣ’ ಎಂಬ ರಾಜಿಯಿಂದ ನಿಮಗೆ ಸಿಗುವುದು ಏನೂ ಇಲ್ಲ. ಒಳರಸ್ತೆಯಿಂದ ಲಾರಿ ಹೆಚ್ಚುಕಡಿಮೆ ಪೂರ್ತಿ ಹೋಗಬೇಕು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅಧಿಕಾರಿಯ ಇನ್ನೊಂದು ಆಕ್ಷೇಪಕ್ಕೂ ಉತ್ತರವಿದೆ. ನಿಮ್ಮ ರಸ್ತೆಯಿಂದ ತೆಗೆದ ಲಾರಿಗಳನ್ನು ಹೊರವರ್ತುಲ ರಸ್ತೆ, ತುಮಕೂರು ರಸ್ತೆಗೆ ಹಾಕಿದರೆ ಅಲ್ಲಿನವರಿಗೆ ಅನ್ಯಾಯವಲ್ಲವೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ರಾತ್ರಿಯಿಡೀ ಗಂಟೆಗೆ ನೂರಾರು ಭಾರಿ ವಾಹನ ಹೋಗುವ ಹೆದ್ದಾರಿಗೆ 30 ಸೇರಿಸಿದರೆ ಅಲ್ಲಿ ಏರುವುದು ಒಂದು ಡೆಸಿಬಲ್ಲಿನ ಆಸುಪಾಸು. ಒಳರಸ್ತೆಯಿಂದ ಅದೇ 30 ಹೋದರೆ ಇಳಿಯುವುದು ಹತ್ತು ಹದಿನೈದು. ಲಾರಿಗಳನ್ನು ಒಂದೇ ಅಗಲ ರಸ್ತೆಗೆ ಒಟ್ಟುಗೂಡಿಸುವುದರಲ್ಲಿ ಇಡೀ ಬಡಾವಣೆಗೆ ಲಾಭವಿದೆ. ಆದರೆ ಪಕ್ಕದ ಇನ್ನೊಂದು ಒಳರಸ್ತೆಗೆ ತಳ್ಳುವ ಆದೇಶ ಬಂದರೆ ದಯವಿಟ್ಟು ಒಪ್ಪಬೇಡಿ. ಅಲ್ಲೂ ಯಾರದೋ ತಂದೆ ಮಲಗಿರುತ್ತಾರೆ. ಹೊರವರ್ತುಲ ರಸ್ತೆಗೂ ಪೀಣ್ಯಕ್ಕೂ ನಡುವಿನ ಎಲ್ಲ ಒಳರಸ್ತೆಗಳ ಹೆಸರನ್ನೂ ಒಂದೇ ಮನವಿಯಲ್ಲಿ ಸೇರಿಸಿ, ಆ ರಸ್ತೆಗಳವರ ಸಹಿಯನ್ನೂ ಪಡೆಯಿರಿ.

ಗಾಜು ನಡುಗುವ ವಿಷಯ ಬೇರೆ. ಡೀಸೆಲ್ ಎಂಜಿನ್ ಮತ್ತು ಸೈಲೆನ್ಸರ್‌ನ ಗುಡುಗು ತುಂಬ ತಗ್ಗಿನ ಕಂಪನಾಂಕದ್ದು, 63 ಹರ್ಟ್ಸ್ ಆಸುಪಾಸಿನದು. ನಿಯಮಗಳಲ್ಲಿ ಬಳಸುವ ‘ಎ’ ಮಾಪನ ಮನುಷ್ಯನ ಕಿವಿಯನ್ನು ಅನುಸರಿಸುವುದರಿಂದ 63 ಹರ್ಟ್ಸ್‌ನ ಸದ್ದಿನಲ್ಲಿ 26 ಡೆಸಿಬಲ್ ಕಳೆದು ತೋರಿಸುತ್ತದೆ. ಮಾಪಕದ ಅಂಕಿ ಸಾಧಾರಣ ಕಂಡರೂ ಎದೆಗೆ ಬಡಿದಂತಾಗುವುದು, ಗಾಜು ಗದಗುಟ್ಟುವುದು ಇದರಿಂದ. ಕಿಟಕಿ ಮುಚ್ಚಿದರೆ ಹಾರ್ನ್ ತಗ್ಗುತ್ತದೆ, ಈ ಗುಡುಗು ಅಷ್ಟಾಗಿ ತಗ್ಗುವುದಿಲ್ಲ. ಅಧಿಕಾರಿ ಮಾಪಕ ಹಿಡಿದು ‘ಅಷ್ಟೇನಿಲ್ಲವಲ್ಲ’ ಎಂದರೆ ಈ ಮಾತನ್ನು ವಿನಯದಿಂದ ತಿಳಿಸಿ.

ಇದರ ಮೇಲೆ ಆ ಹಂಪ್. ನಮ್ಮ ಬಡಾವಣೆಗಳಲ್ಲಿ ಹಂಪ್ ಹಾಕಿಸುವುದು ಸುರಕ್ಷತೆಗೆ, ಆದರೆ ಮನೆಯೆದುರಿನ ಹಂಪ್ ರಾತ್ರಿ ಹೊತ್ತು ಶಬ್ದದ ಯಂತ್ರವಾಗುತ್ತದೆ. ತುಂಬಿದ ಲಾರಿ ಮೊದಲು ಬ್ರೇಕ್ ಹಿಡಿಯುತ್ತದೆ, ಗಾಳಿ ಬ್ರೇಕಿನ ಸೀಟಿ; ಗೇರು ಇಳಿಸುತ್ತದೆ; ಅಚ್ಚುಗಳು ಒಂದೊಂದಾಗಿ ಇಳಿದು ನೆಲಕ್ಕೆ ಬಡಿಯುತ್ತವೆ; ಆಮೇಲೆ ಪೂರ್ತಿ ಆಕ್ಸಿಲರೇಟರ್. ಖಾಲಿ ಟಿಪ್ಪರ್ ಇನ್ನೂ ಕೆಟ್ಟದ್ದು. ಅದರ ತೊಟ್ಟಿ ಹಾರಿ ಚಾಸಿಗೆ ಬಡಿಯುತ್ತದೆ, ಹಿಂಬಾಗಿಲು ಅಪ್ಪಳಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ದುಂಡನೆಯ ಉಬ್ಬು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂಥದ್ದು. ನಿಮ್ಮ ಮನೆ ಮುಂದಿನದನ್ನು ಟೇಪು ಹಿಡಿದು ಅಳೆಯಿರಿ. ಅರ್ಧ ಮೀಟರ್ ಅಗಲದ ಡಾಂಬರು ಗುಡ್ಡೆಯೋ, ಮೊಳೆ ಹೊಡೆದ ರಬ್ಬರ್ ಪಟ್ಟಿಯೋ ಆಗಿದ್ದರೆ ಫೋಟೊ ಮತ್ತು ಅಳತೆ ಸಮೇತ ನಿಮ್ಮ ನಗರ ಪಾಲಿಕೆಯ ವಾರ್ಡ್ ಎಂಜಿನಿಯರಿಗೆ ಕೊಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಬದಲು ಐದು ಪಾಲಿಕೆಗಳಾಗಿರುವುದರಿಂದ ಹಳೆಯ ವಿಳಾಸಕ್ಕೆ ಹೋದ ಅರ್ಜಿ ಅಲೆಯುತ್ತಿರಬಹುದು, ನಿಮ್ಮದು ಯಾವ ಪಾಲಿಕೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಸಡಿಲವಾದ ಅಥವಾ ರಸ್ತೆಗಿಂತ ತಗ್ಗಿದ ಮ್ಯಾನ್‌ಹೋಲ್ ಮುಚ್ಚಳ ಇದ್ದರೆ ಅದು ಜಲಮಂಡಳಿಯ ಕೆಲಸ. ನೀವು ಬರೆದದ್ದರಲ್ಲಿ ಬೇಗ ಸರಿಹೋಗಬಹುದಾದದ್ದು ಈ ಹಂಪ್ ಒಂದೇ. ಹಂಪ್ ಸರಿಯಾದ ಆಕಾರಕ್ಕೆ ಬಂದರೆ, ಇಲ್ಲವೇ ಮಲಗುವ ಕೋಣೆಯಿಂದ ದೂರ ಸರಿದರೆ, ಲಾರಿ ಹೋಗುವ ಮೊದಲೇ ನಡುಕ ತಗ್ಗುತ್ತದೆ. ಹಾಗೆಂದು ಹಂಪ್ ಪೂರ್ತಿ ತೆಗೆಸಬೇಡಿ. ಮಕ್ಕಳು, ವಯಸ್ಸಾದವರು ದಾಟುವ ರಸ್ತೆ ಅದು.

ಎತ್ತರ ತಡೆಯುವ ಕಬ್ಬಿಣದ ಕಮಾನು ಹಾಕಿಸಿಬಿಡೋಣ ಎಂದು ಕೆಲವು ಬಡಾವಣೆಯವರು ಹೊರಡುತ್ತಾರೆ. ನಾನು ಅದರ ಪರವಿಲ್ಲ. ಅಗ್ನಿಶಾಮಕ ವಾಹನವೂ ಕಸದ ಕಾಂಪ್ಯಾಕ್ಟರೂ ಅದೇ ಎತ್ತರದವು.

ಮನವಿ ಯಾರಿಗೆ? ಸಂಚಾರ ವಿಭಾಗದ ಮುಖ್ಯಸ್ಥರಿಗೆ ಮೂಲ ಪ್ರತಿ, ನಿಮ್ಮ ಸಂಚಾರ ಠಾಣೆ ಮತ್ತು ಎಸಿಪಿ, ಡಿಸಿಪಿಯವರಿಗೆ ನಕಲು. ಕಲಂ 115, 116 ಮತ್ತು ನಿಯಮ 221ಎ(5)ರ ಅಡಿ ಇಂತಿಂಥ ರಸ್ತೆಗಳಲ್ಲಿ ದಿನದ 24 ಗಂಟೆಯೂ ಭಾರಿ ಸರಕು ವಾಹನ ನಿಷೇಧಿಸಬೇಕು, ಆ ರಸ್ತೆಗಳಲ್ಲೇ ಸರಕು ಇಳಿಸಬೇಕಾದ ಗಾಡಿ, ತುರ್ತು ಸೇವೆ, ಕಸ, ನೀರು, ಗ್ಯಾಸ್ ಗಾಡಿಗಳಿಗೆ ವಿನಾಯಿತಿ ಇರಲಿ ಎಂದು ಕೇಳಿ. ವಿನಾಯಿತಿಯನ್ನು ನೀವೇ ಬರೆದುಕೊಟ್ಟರೆ ಅರ್ಧ ತಕರಾರು ಹುಟ್ಟುವುದಿಲ್ಲ. ರಸ್ತೆಯ ಅಗಲ, ಫುಟ್‌ಪಾತ್ ಇದೆಯೇ ಇಲ್ಲವೇ, 100 ಮೀಟರಿನೊಳಗೆ ಶಾಲೆಯೋ ಆಸ್ಪತ್ರೆಯೋ ಇದ್ದರೆ ಅದರ ಹೆಸರು, ಗೊರಗುಂಟೆಪಾಳ್ಯದ ಮೂಲಕ ಬದಲಿ ದಾರಿಯ ಒಂದು ನಕ್ಷೆ ಇರಲಿ. ಜೊತೆಗೆ ಒಂದು ವಾರ ರಾತ್ರಿ 10ರಿಂದ 1ರವರೆಗೆ ಮನೆಯವರು ಸರದಿಯಲ್ಲಿ ಕುಳಿತು ಎಣಿಸಿದ ಪಟ್ಟಿ: ಗಂಟೆಗೆ ಎಷ್ಟು ಲಾರಿ, ಎಷ್ಟು ಟಿಪ್ಪರ್, ಎಷ್ಟು ಸಲ ಹಾರ್ನ್. ಇಂಥ ಪಟ್ಟಿ ಮುಂದಿಟ್ಟ ಮನವಿಯನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. ತಂದೆಯವರ ವೈದ್ಯರಿಂದ ಒಂದು ಪತ್ರವನ್ನೂ ಲಗತ್ತಿಸಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಕೊಟ್ಟ ಮಾರ್ಗಸೂಚಿ ರಾತ್ರಿಯ ವಾಹನ ಶಬ್ದ 45 ಡೆಸಿಬಲ್ ಮೀರಬಾರದು ಎನ್ನುತ್ತದೆ, ನಮ್ಮ ವಸತಿ ಪ್ರದೇಶದ ರಾತ್ರಿಯ ಮಿತಿಯ ಅಂಕಿಯೂ ಅದೇ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಅದನ್ನು ಮೀರಿ ತಿರಸ್ಕಾರಕ್ಕೆ ನೆಪ ಕೊಡಬೇಡಿ. ಒಂದು ಅರ್ಜಿಯಲ್ಲಿ ನಿಮ್ಮ ಸಂಚಾರ ಠಾಣೆಯ ವ್ಯಾಪ್ತಿಯಲ್ಲಿ ಕಲಂ 115ರ ಅಡಿ ಭಾರಿ ವಾಹನ ನಿಷೇಧಿಸಿರುವ ರಸ್ತೆಗಳ ಪಟ್ಟಿ, ಅಧಿಸೂಚನೆಯ ದಿನಾಂಕ ಕೇಳಿ. ಇನ್ನೊಂದರಲ್ಲಿ ಕಳೆದ ಒಂದು ವರ್ಷದಲ್ಲಿ ರಾತ್ರಿ 10ರ ನಂತರ 194ಎಫ್ ಅಡಿ ದಾಖಲಾದ ಪ್ರಕರಣಗಳ ಸಂಖ್ಯೆ.

ಕಾಗದ ಸಾಗುತ್ತಿರುವಾಗ ಇನ್ನೊಂದು ಕೆಲಸ ಮಾಡಿ. ಆ ಲಾರಿಗಳು ಯಾವ ಗೋದಾಮಿಗೆ, ಯಾವ ಕಾರ್ಖಾನೆಗೆ, ಯಾವ ಕಾಂಕ್ರೀಟ್ ಘಟಕಕ್ಕೆ ಹೋಗುತ್ತಿವೆ ಎಂದು ಪತ್ತೆಮಾಡಿ. ಎಷ್ಟೇ ಲಾರಿ ಇದ್ದರೂ ತಲುಪುವ ಜಾಗ ಬೆರಳೆಣಿಕೆಯಷ್ಟೇ ಇರುತ್ತದೆ. ಅಲ್ಲಿನ ಮ್ಯಾನೇಜರನ್ನು ನಾಲ್ಕು ಜನ ಹೋಗಿ ಕಂಡು, ನಿಮ್ಮ ಲಾರಿಯವರಿಗೆ ತುಮಕೂರು ರಸ್ತೆ ಕಡೆಯ ಗೇಟಿಗೇ ಬರಲು ಹೇಳಿ, ಟ್ರಿಪ್ ಶೀಟಿನಲ್ಲಿ ದಾರಿ ಬರೆಯಿರಿ ಎಂದು ಕೇಳಿಕೊಳ್ಳಿ. ಚಾಲಕ ಟ್ರಿಪ್ ಲೆಕ್ಕದಲ್ಲಿ ಸಂಬಳ ಪಡೆಯುವವನು. ಹಗಲೆಲ್ಲ ಊರ ಹೊರಗೆ ಊಟ, ಶೌಚಾಲಯಕ್ಕೂ ಸರಿಯಾದ ಜಾಗವಿಲ್ಲದೆ ಕಾದು, ಬೆಳಗಿನೊಳಗೆ ಎರಡು ಲೋಡು ಮುಗಿಸಬೇಕಾದ ಅವಸರದಲ್ಲಿರುತ್ತಾನೆ. ರಸ್ತೆಯಲ್ಲಿ ಅವನನ್ನು ಅಡ್ಡಗಟ್ಟಿ ಜಗಳವಾಡುವುದು ಅಪಾಯ, ಅನ್ಯಾಯ ಕೂಡ. ದಾರಿ ನಿರ್ಧರಿಸುವ ಶಕ್ತಿ ಇರುವುದು ಲೋಡು ಕಳಿಸುವವರಿಗೆ, ಇಳಿಸಿಕೊಳ್ಳುವವರಿಗೆ. ಕಲಂ 194 ಗಾಡಿ ಓಡಿಸಿದವರನ್ನಷ್ಟೇ ಅಲ್ಲ, ಓಡಿಸಲು ಬಿಟ್ಟವರನ್ನೂ ಹೊಣೆ ಮಾಡುತ್ತದೆ ಎಂದು ಮಾತಿನ ನಡುವೆ ತಿಳಿಸಿದರೆ ಸಾಕು.

ತಂದೆಯವರನ್ನು ಈಗಲೇ ಹಿಂಬದಿಯ ಕೋಣೆಗೆ ಬದಲಾಯಿಸಿ, ಕಟ್ಟಡವೇ ಅಡ್ಡ ನಿಂತರೆ ಆಗುವಷ್ಟು ಅನುಕೂಲ ಯಾವ ಗಾಜಿನಿಂದಲೂ ಆಗದು. ಅದು ಆಗದಿದ್ದರೆ ಕಿಟಕಿಯ ಚೌಕಟ್ಟಿನ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸಿ. ಗದಗುಟ್ಟುವುದು ಹೆಚ್ಚಾಗಿ ಸಡಿಲವಾದ ಗಾಜು, ಅದು ಅಲ್ಲಿಗೆ ನಿಲ್ಲುತ್ತದೆ.

ಕೊನೆಯದಾಗಿ, ಆದೇಶ ಕೈಗೆ ಬಂದ ದಿನ ಅದರಲ್ಲಿ ಅವಧಿ ಏನೆಂದು ಬರೆದಿದೆ ನೋಡಿ. ಒಂದು ತಿಂಗಳು ಮೀರದ ನಿಷೇಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು ಎಂದು ಕಲಂ 115 ಹೇಳುತ್ತದೆ. ಅದಕ್ಕೇ ‘ಪ್ರಾಯೋಗಿಕವಾಗಿ’ ಎಂದು ಬರುವ ಆದೇಶಗಳು ತಿಂಗಳು ತುಂಬಿದ ಕೂಡಲೇ ಬಿದ್ದುಹೋಗುತ್ತವೆ, ಫಲಕ ಮಾತ್ರ ಕಂಬದಲ್ಲಿ ಉಳಿಯುತ್ತದೆ. ಪ್ರಾಯೋಗಿಕ ಆದೇಶ ಬಂದರೆ ಬೇಡ ಎನ್ನಬೇಡಿ. ಮೂರನೇ ವಾರದಲ್ಲೇ ಹೊಸ ಎಣಿಕೆಯ ಪಟ್ಟಿ ಇಟ್ಟುಕೊಂಡು ಮತ್ತೆ ಹೋಗಿ, ರಾಜ್ಯಪತ್ರದಲ್ಲಿ ಪ್ರಕಟಿಸಿ ಎಂದು ಲಿಖಿತವಾಗಿ ಕೇಳಿ.